ಗೋಡೆಯ ಮೇಲಿನ ಕರೆಂಟು ಕಾರುಗಳು

ನಾನು ಓದು ನಿಲ್ಲಿಸಿದ್ದು 1984ರಲ್ಲಿ, ಒಂಬತ್ತನೇ ಕ್ಲಾಸಿನ ಅರ್ಧವಾರ್ಷಿಕ ಪರೀಕ್ಷೆ ಮುಗಿದ ವಾರ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯೇನೂ ಇಲ್ಲ. ಶಾಲೆ ನನ್ನನ್ನು ಬಿಡಿಸಲಿಲ್ಲ, ನಾನೇ ಶಾಲೆಯನ್ನು ಬಿಟ್ಟೆ. ಈ ವ್ಯತ್ಯಾಸವನ್ನು ಇಪ್ಪತ್ತೈದು ವರ್ಷಗಳಿಂದ ನನ್ನ ಹೆಂಡತಿ ಸಾವಿತ್ರಿಗೆ ವಿವರಿಸುತ್ತಾ ಬಂದಿದ್ದೇನೆ, ಅವಳಿಗೆ ಇನ್ನೂ ಅರ್ಥವಾಗಿಲ್ಲ. ಅಂದಿನಿಂದ ಒಂದು ದಿನವೂ ಕೈ ಕಟ್ಟಿ ಕೂತವನಲ್ಲ. ಸಂಜಯನಗರದಲ್ಲಿ ನನ್ನದೇ ಕಾರು ಗ್ಯಾರೇಜಿದೆ. ಡಾಕ್ಟರು, ಇಂಜಿನಿಯರು, ಕಾಲೇಜು ಮೇಷ್ಟ್ರು ಎಲ್ಲರೂ ಬಾನೆಟ್ ಎತ್ತಿ, ಕೈ ಹಿಂದೆ ಕಟ್ಟಿಕೊಂಡು, ಫಲಿತಾಂಶಕ್ಕೆ ಕಾಯುವ ಮಕ್ಕಳ ಹಾಗೆ ನನ್ನ ಮುಖ ನೋಡುತ್ತಾ ನಿಲ್ಲುತ್ತಾರೆ. ಆ ಎರಡು ನಿಮಿಷದ ಸುಖವನ್ನು ನಾನು ಯಾವ ಡಿಗ್ರಿಗೂ ಬದಲಾಯಿಸಿಕೊಳ್ಳಲಾರೆ. ಆದರೆ ಆ ಸುಖದಿಂದಲೇ ನನಗೊಂದು ಕಾಯಿಲೆ ಅಂಟಿಕೊಂಡಿತು. 'ಗೊತ್ತಿಲ್ಲ' ಎಂಬ ಮಾತು ನನ್ನ ಬಾಯಿಂದ ಬರುವುದಿಲ್ಲ. ಡಾಕ್ಟರಿಗೆ ಗೊತ್ತಾಗದಿದ್ದರೆ ರಕ್ತ ಪರೀಕ್ಷೆಗೆ ಬರೆದುಕೊಡಬಹುದು, ವಕೀಲರಿಗೆ ಗೊತ್ತಾಗದಿದ್ದರೆ ಮುಂದಿನ ತಾರೀಖು ಕೇಳಬಹುದು. ಮೆಕ್ಯಾನಿಕ್ ಗೊತ್ತಿಲ್ಲ ಎಂದರೆ ಗಿರಾಕಿ ಎದುರು ಗ್ಯಾರೇಜಿಗೆ ಹೋಗುತ್ತಾನೆ. ನನ್ನ ಎದುರಿಗೇ ಒಂದು ಗ್ಯಾರೇಜಿದೆ. ರಸ್ತೆಯೂ ಅಗಲವಿಲ್ಲ.

ನನಗೆ ಕೆಲಸ ಕಲಿಸಿದ್ದು ಯಶವಂತಪುರದ ಲಾರಿ ಗ್ಯಾರೇಜಿನ ರಹಮತ್ ಉಸ್ತಾದರು. ಅವರ ಹತ್ತಿರ ಒಂದು ಮೊಳ ಉದ್ದದ, ಮರದ ಹಿಡಿಯ ಸ್ಕ್ರೂಡ್ರೈವರ್ ಇತ್ತು. ಅದರ ತುದಿಯನ್ನು ಓಡುವ ಇಂಜಿನ್ನಿಗೆ ಆನಿಸಿ, ಹಿಡಿಯನ್ನು ಕಿವಿಗೆ ಒತ್ತಿ ಕಣ್ಣು ಮುಚ್ಚಿದರೆ, ಒಳಗೆ ಯಾವ ಬೇರಿಂಗ್ ಅಳುತ್ತಿದೆ, ಯಾವ ವಾಲ್ವು ಸುಳ್ಳು ಹೇಳುತ್ತಿದೆ ಎಲ್ಲವೂ ಅವರಿಗೆ ತಿಳಿಯುತ್ತಿತ್ತು. "ಮೊದ್ಲು ಕಿವಿ, ಆಮೇಲೆ ಕೈ. ಬಾಯಿ ಕಡೇಗೆ ಕಣೋ," ಎನ್ನುತ್ತಿದ್ದರು. ನಾನು ಸ್ವಂತ ಗ್ಯಾರೇಜು ತೆರೆದ ದಿನ ಆ ಸ್ಕ್ರೂಡ್ರೈವರನ್ನೇ ನನ್ನ ಕೈಗಿಟ್ಟರು. ಮೂವತ್ತು ವರ್ಷ ನಾನು ಬದುಕಿದ್ದು ಅದರ ಮೇಲೆ. ಕಾರು ಮೂಲೆ ತಿರುಗುವಾಗಲೇ, ಶಟರ್ ಒಳಗೆ ಕೂತು, ಯಾರದು, ಏನು ಕಾಯಿಲೆ ಎಂದು ಹೇಳಬಲ್ಲೆ. ಇದು ಬಡಾಯಿಯಲ್ಲ. ಬಡಾಯಿಯೇ ಇರಬಹುದು, ಆದರೆ ನಿಜವಾದ ಬಡಾಯಿ.

2010ರಲ್ಲಿ ಒಂದು ಬೆಳಿಗ್ಗೆ ಯಾವ ಸದ್ದೂ ಇಲ್ಲದೆ ಒಂದು ಕಾರು ನನ್ನ ಬೆನ್ನ ಹಿಂದೆ ಬಂದು ನಿಂತಿತು. ತಿರುಗಿ ನೋಡಿದರೆ ಆರ್.ಟಿ. ನಗರದ ಸುಮಿತ್ರಾ ಮೇಡಂ. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಹೆಡ್‌ಮಿಸ್ ಆಗಿ ನಿವೃತ್ತರಾದವರು, ನನ್ನ ಹಳೆಯ ಗಿರಾಕಿ. ಅವರ ಮುಂದೆ ನಿಂತರೆ ನನಗೆ ಈಗಲೂ ಹೋಂವರ್ಕ್ ಮರೆತು ಬಂದ ಹಾಗೆ ಆಗುತ್ತದೆ. ಅವರು ಯಾರನ್ನೂ ಕೇಳದೆ, ಯಾರಿಗೂ ಹೇಳದೆ, ಎರಡೇ ಬಾಗಿಲಿನ ಪುಟ್ಟ ಕರೆಂಟು ಕಾರು ಕೊಂಡು ಒಂದು ವರ್ಷವಾಗಿತ್ತಂತೆ. ಮೊದಲೆಲ್ಲ ಯಲಹಂಕಕ್ಕೆ ಹೋಗಿ ಬರುತ್ತಿದ್ದದ್ದು ಈಗ ಹೆಬ್ಬಾಳದ ಫ್ಲೈಓವರ್ ಹತ್ತುವಾಗಲೇ ಸುಸ್ತಾಗುತ್ತಿದೆ ಎಂದರು. ನನಗೆ ಗೊತ್ತಿಲ್ಲ ಎನ್ನಬೇಕಾದ ಜಾಗ ಇದೇ. ನಾನು ಒಳಗೆ ಹೋಗಿ ಉಸ್ತಾದರ ಸ್ಕ್ರೂಡ್ರೈವರ್ ತಂದೆ. ಬಾನೆಟ್ ಎತ್ತಿ, ಆನಿಸಿ, ಕಣ್ಣು ಮುಚ್ಚಿದೆ.

"ಸ್ಟಾರ್ಟ್ ಮಾಡಿ ಮೇಡಂ."

"ಮಾಡಿದೀನಿ."

"ಇನ್ನೊಂದ್ಸಲ ಮಾಡಿ."

"ಆನ್ ಆಗೇ ಇದೆ ನಂಜುಂಡಪ್ಪನವ್ರೇ. ಏನ್ ಕೇಳಿಸ್ತಾ ಇದೆ?"

ಕೇಳಿಸುತ್ತಿದ್ದದ್ದು ನನ್ನ ಎದೆ ಬಡಿತ ಮಾತ್ರ. ಕಣ್ಣು ತೆರೆದು ನೋಡಿದರೆ ಬಾನೆಟ್ಟಿನ ಕೆಳಗೆ ಇಂಜಿನ್ನೇ ಇರಲಿಲ್ಲ. ನಾನು ಸ್ಕ್ರೂಡ್ರೈವರ್ ಆನಿಸಿದ್ದು ಸ್ಟೆಪ್ನಿ ಟೈರಿಗೆ. "ಸ್ವಲ್ಪ ವೀಕ್ ಇದೆ ಮೇಡಂ, ಬಿಟ್ಟು ಹೋಗಿ," ಎಂದೆ. ಅವರು ಹೋದ ಮೇಲೆ ಸೀಟು ಕಿತ್ತು ನೋಡಿದರೆ, ಅಡಿಯಲ್ಲಿ ಸಾಲಾಗಿ ಕೂತಿದ್ದಾರೆ ನನ್ನ ಬಾಲ್ಯದ ಗೆಳೆಯರು! ಯಶವಂತಪುರದಲ್ಲಿ ಲಾರಿ ಬ್ಯಾಟರಿಗಳಿಗೆ ನೀರು ತುಂಬುವುದೇ ನನ್ನ ಮೊದಲ ವರ್ಷದ ಕೆಲಸವಾಗಿತ್ತು. ಇವು ಅದೇ ಜಾತಿಯ ಬ್ಯಾಟರಿಗಳು, ಒಳಗೆ ಒಣಗಿ ಕೂತಿದ್ದವು. ಬ್ಯಾಟರಿ ನೀರು ತುಂಬಿಸಿ, ಒಂದು ದಿನ ಪ್ಲಗ್ಗಿಗೆ ಹಾಕಿಟ್ಟೆ. ಕಾರು ಮತ್ತೆ ಯಲಹಂಕಕ್ಕೆ ಹೋಗಿ ಬಂತು.

ಅಷ್ಟೇ. ನಾನು ಕರೆಂಟು ಕಾರಿಗೆ ಮಾಡಿದ ರಿಪೇರಿ ಅದೊಂದೇ, ಅದೂ ನೀರು. ಆದರೆ ಮೇಡಂ ತಮ್ಮ ವಾಕಿಂಗ್ ಗೆಳತಿಯರಿಗೆ ಹೇಳಿದರು, ಅವರು ತಮ್ಮ ಯಜಮಾನರಿಗೆ ಹೇಳಿದರು. ಒಂದೇ ತಿಂಗಳಲ್ಲಿ ಹೆಬ್ಬಾಳದಿಂದ ಈಚೆಗೆ ಕರೆಂಟು ಕಾರಿನ ವಿಷಯಕ್ಕೆ ನಾನೇ ಕಡೆಯ ಮಾತು ಎಂದಾಯಿತು. ಆಯಿಲ್ ಬದಲಿಸಲು ಬಂದವರು ಹೋಗುವಾಗ ಚಪ್ಪಲಿ ಹಾಕಿಕೊಳ್ಳುತ್ತಾ, "ಕರೆಂಟ್ ಕಾರು ತಗೋಬಹುದಾ ಅಣ್ಣಾ?" ಎಂದು ಕೇಳುವುದು ಶುರುವಾಯಿತು. ನನಗೂ ಕುತೂಹಲ. ಈ ಕಾರು ನಿಜವಾಗಿ ಎಷ್ಟು ಮಾರಾಟವಾಗುತ್ತದೆ? ಪೇಪರಿನಲ್ಲಿ ದೇಶದ ಲೆಕ್ಕ ಬರುತ್ತದೆ, ಅದನ್ನು ಕಟ್ಟಿಕೊಂಡು ನನಗೇನು? ನನಗೆ ಬೇಕಾದದ್ದು ನಮ್ಮ ನಾಲ್ಕು ಬೀದಿಯ ಲೆಕ್ಕ. ಅದಕ್ಕೇ ಗ್ಯಾರೇಜಿನ ಗೋಡೆಯ ಮೇಲೆ ಕೆಂಪು ಪೇಂಟಿನಲ್ಲಿ ಎರಡು ಸಾಲು ಮಾಡಿದೆ. ಎಡಕ್ಕೆ ಕೇಳಿದವರು, ಬಲಕ್ಕೆ ಕೊಂಡವರು. ತಲೆಗೊಂದು ಗೀಟು. ಆಯುಧಪೂಜೆಗೆ ಪ್ರತಿ ವರ್ಷ ಸುಣ್ಣ ಹೊಡೆಸುವಾಗಲೂ ಆ ಒಂದು ಮೊಳ ಜಾಗ ಬಿಡಿಸುತ್ತಿದ್ದೆ. ಬಲಗಡೆ ಮೊದಲ ಗೀಟು ಮೇಡಂ ಅವರದು.

ಎಂಥೆಂಥವರು ಕೇಳಿದರು! ಮೂರನೇ ಮಹಡಿಯ ಫ್ಲಾಟಿನವರೊಬ್ಬರು, ಮೇಲಿಂದ ಹಗ್ಗದ ಹಾಗೆ ವೈರು ಇಳಿಬಿಟ್ಟರೆ ಆಗುತ್ತದಾ ಎಂದರು. ಚಿಕ್ಕಜಾಲದಲ್ಲಿ ತಿಂಡಿ ಹೋಟೆಲು ಇಟ್ಟಿರುವ ನನ್ನ ಚಿಕ್ಕಪ್ಪನ ಮಗ ಪಿಳ್ಳಪ್ಪ, "ಅಲ್ಲ ಕಣಣ್ಣ, ಕರೆಂಟ್ ಓದ್ರೆ ಕಾರ್ ಎಂಗ್ ಓಗ್ತದೆ?" ಎಂದು ಕೇಳಿ, ನಾನು ಉತ್ತರ ಹುಡುಕುವಷ್ಟರಲ್ಲಿ ತಾನೇ ನಕ್ಕ. ಒಮ್ಮೆ ಯಾರೋ ದೊಡ್ಡ ಸಾಹುಕಾರರ ಡ್ರೈವರು ಟೈರಿಗೆ ಗಾಳಿ ತುಂಬಿಸಲು ಬಂದ. ಅವನ ಕಾರು ಪೆಟ್ರೋಲನ್ನೂ ಕುಡಿಯುತ್ತದಂತೆ, ಪ್ಲಗ್ಗು ಚುಚ್ಚಿದರೆ ಕರೆಂಟನ್ನೂ ತಿನ್ನುತ್ತದಂತೆ. ಪ್ಲಗ್ ಇನ್ ಹೈಬ್ರಿಡ್ ಎಂದು ಅದರ ಹೆಸರು. ಅತ್ತೆಮನೆಯಲ್ಲಿ ಉಂಡು ತಾಯಿಮನೆಯಲ್ಲೂ ಎಲೆ ಹಾಕಿಸಿಕೊಳ್ಳುವ ಅಳಿಯನ ಹಾಗೆ. ಕರೆಂಟಿನಲ್ಲಿ ಎಷ್ಟು ದೂರ ಓಡುತ್ತದೆ ಎಂದು ಆಸೆಯಿಂದ ಕೇಳಿದೆ. ಅವನು ಡಿಕ್ಕಿ ತೆರೆದು ತೋರಿಸಿದ. ಪ್ಲಗ್ಗಿನ ವೈರು ಕಂಪನಿಯ ಪ್ಲಾಸ್ಟಿಕ್ ಕವರಿನಲ್ಲಿ ಹಾಗೇ ಮಲಗಿತ್ತು. ಒಂದು ದಿನವೂ ಚುಚ್ಚಿಲ್ಲವಂತೆ. ಇದನ್ನು ಎಡಕ್ಕೆ ಬರೆಯಲೋ ಬಲಕ್ಕೆ ಬರೆಯಲೋ ತಿಳಿಯದೆ ನಡುವೆ ಒಂದು ಚುಕ್ಕೆ ಇಟ್ಟೆ.

2019ರ ತನಕ ಈ ಗೋಡೆ ನನ್ನ ಮೋಜು ಮಾತ್ರವಾಗಿತ್ತು. ಆ ವರ್ಷ ಪಕ್ಕದ ಮಳಿಗೆ ಖಾಲಿಯಾಯಿತು. ಮಾಲೀಕ ಮುನಿರಾಜಣ್ಣ ಬಂದು, "ನೀನ್ ತಗೊಂಡ್ರೆ ನಿಂಗೆ, ಇಲ್ಲಾಂದ್ರೆ ಬೇಕರಿಯವ್ನ್ ಕಾಯ್ತಾವ್ನೆ. ಬೇಗ ಹೇಳ್ಬಿಡು ಗುರು," ಎಂದರು. ನನಗೊಂದು ಹಳೆಯ ಕನಸಿತ್ತು. ಸವೆದ ಇಂಜಿನ್ನಿನ ಒಳಗನ್ನು ಕೊರೆದು ನುಣುಪು ಮಾಡುವ ಬೋರಿಂಗ್ ಯಂತ್ರ ಇಡುವುದು. ಅದು ಉಸ್ತಾದರಿಗೂ ದಕ್ಕದ ಯಂತ್ರ. ನಾನು ಈಗಲೂ ಇಂಜಿನ್ನುಗಳನ್ನು ಹೊರಿಸಿ ಯಶವಂತಪುರಕ್ಕೇ ಕಳಿಸುತ್ತೇನೆ. ಅದನ್ನು ಕೊಂಡರೆ ದುಡಿದಿಟ್ಟದ್ದೆಲ್ಲ ಅದರ ಹೊಟ್ಟೆಗೇ. ಊರಿಗೆ ಊರೇ ಕರೆಂಟು ಕಾರಿಗೆ ತಿರುಗಿಬಿಟ್ಟರೆ ಆ ಯಂತ್ರವನ್ನು ತೂಕಕ್ಕೆ ಹಾಕಬೇಕು, ಜೊತೆಗೆ ನನ್ನನ್ನೂ. ಹಾಗಾಗಿ ಕರೆಂಟು ಕಾರು ಓಡುತ್ತದೋ ಇಲ್ಲವೋ ಎಂಬುದು ಇದ್ದಕ್ಕಿದ್ದಂತೆ ನನ್ನ ಅನ್ನದ ಪ್ರಶ್ನೆಯಾಯಿತು.

ಗೋಡೆಯೊಂದೇ ಸಾಲದೆನಿಸಿ, ಹದಿನೈದು ದಿನ ಬೆಳಿಗ್ಗೆ ಎಂಟರಿಂದ ಒಂಬತ್ತರವರೆಗೆ ಹೆಬ್ಬಾಳದ ಒಂದು ಟೀ ಅಂಗಡಿಯಲ್ಲಿ ಕೂತು ಹಸಿರು ನಂಬರ್ ಪ್ಲೇಟುಗಳನ್ನು ಎಣಿಸಿದೆ. ಕರೆಂಟು ಕಾರುಗಳಿಗೆ ಆಗ ಹೊಸದಾಗಿ ಹಸಿರು ಪ್ಲೇಟು ಬಂದಿತ್ತು. ಕಿವಿಯ ಮೇಲೆ ಬದುಕಿದವನು ಕಣ್ಣಿನಿಂದ ಎಣಿಸುವುದು ಕಷ್ಟ. ಅವು ಸದ್ದಿಲ್ಲದೆ ಬಂದು ಸದ್ದಿಲ್ಲದೆ ಹೋಗಿರುತ್ತವೆ. ಆದರೂ ಹನ್ನೊಂದು ಸಿಕ್ಕವು. ಮನೆಗೆ ಹೋಗಿ ಹೇಳಿದೆ. "ಶಾಲೇಲಿ ಹಿಂಗೆ ಎಣಿಸಿದ್ದಿದ್ರೆ ಲೆಕ್ಕದಲ್ಲಿ ಪಾಸಾಗಿರ್ತಿದ್ರಿ," ಎಂದಳು ಸಾವಿತ್ರಿ. ನಾನು ಪಾಸಾಗಿಯೇ ಬಿಟ್ಟವನು ಎಂದು ಮತ್ತೆ ವಿವರಿಸಿದೆ. ಮರುದಿನ ಟೀ ಅಂಗಡಿಯವನು, ನೀವು ಎಣಿಸಿದ ಹನ್ನೊಂದರಲ್ಲಿ ಏಳು ಒಂದೇ ಕಾರು ಅಣ್ಣಾ, ದಿನಾ ಆಫೀಸಿಗೆ ಹೋಗೋ ಗಾಡಿ ಅದು ಎಂದ. ಸಾವಿತ್ರಿಗೆ ಇದನ್ನು ಹೇಳಲಿಲ್ಲ.

ಏನೇ ಇರಲಿ, ಗೋಡೆ ಸುಳ್ಳು ಹೇಳುವುದಿಲ್ಲವಲ್ಲ. ಎಡಕ್ಕೆ ನಲವತ್ತಮೂರು ಗೀಟು, ಬಲಕ್ಕೆ ಒಂದು. ಒಂಬತ್ತು ವರ್ಷದಲ್ಲಿ ನಲವತ್ತಮೂರು ಜನ ಕೇಳಿದ್ದಾರೆ, ಮೇಡಂ ಬಿಟ್ಟರೆ ಒಬ್ಬರೂ ಕೊಂಡಿಲ್ಲ. ಇನ್ನೇನು ಬೇಕು? ಕರೆಂಟು ಕಾರು ನಮ್ಮ ಕಾಲಕ್ಕೆ ಬರುವುದಿಲ್ಲ, ಬೋರಿಂಗ್ ಯಂತ್ರ ತರಿಸುವುದೇ ಸರಿ ಎಂದು ನಿಶ್ಚಯಿಸಿದೆ. ಅದೇ ದಿನ ಸುಮಿತ್ರಾ ಮೇಡಂ ತಮ್ಮ ಅದೇ ಪುಟ್ಟ ಕಾರಿನಲ್ಲಿ, ಬ್ಯಾಟರಿ ಸೆಟ್ಟು ಎರಡು ಸಲ ಬದಲಾದ ಕಾರಿನಲ್ಲಿ, ವೈಪರ್ ಹಾಕಿಸಲು ಬಂದರು. ನಾನು ಹೆಮ್ಮೆಯಿಂದ ಗೋಡೆ ತೋರಿಸಿದೆ. ಅವರು ಕನ್ನಡಕ ಏರಿಸಿಕೊಂಡು, ಉತ್ತರಪತ್ರಿಕೆ ತಿದ್ದುವವರ ಹಾಗೆ, ಗೀಟುಗಳನ್ನು ಬೆರಳಲ್ಲಿ ಎಣಿಸಿದರು.

"ಇವ್ರೆಲ್ಲ ಯಾಕೆ ತಗೊಳ್ಲಿಲ್ಲ?"

ಬೆಲೆ ಜಾಸ್ತಿ ಮೇಡಂ, ಚಾರ್ಜ್ ಮಾಡಲು ಜಾಗವಿಲ್ಲ ಮೇಡಂ, ದೂರ ಹೋಗಲು ಧೈರ್ಯವಿಲ್ಲ ಮೇಡಂ ಎಂದು ಪೇಪರಿನಲ್ಲಿ ಓದಿದ್ದನ್ನೆಲ್ಲ ಒಪ್ಪಿಸಿದೆ.

"ಅವ್ರು ಹೇಳಿದ್ದಾ, ನೀವ್ ಅಂದ್ಕೊಂಡಿದ್ದಾ?"

ನಾನು ಯೋಚಿಸಿದೆ. ಅವರು ಏನೂ ಹೇಳಿರಲಿಲ್ಲ. ಕೇಳಿದ್ದರು ಅಷ್ಟೇ.

"ತಗೋಬಹುದಾ ಅಂತ ಕೇಳಿದ್ರಲ್ಲ, ನೀವೇನ್ ಹೇಳಿದ್ರಿ?"

"ಇನ್ನೊಂದು ವರ್ಷ ತಡೀರಿ ಅಂದೆ."

"ಎಷ್ಟ್ ಜನಕ್ಕೆ?"

ಗೋಡೆ ನೋಡಿದೆ. "ಎಲ್ಲರ್ಗೂ ಮೇಡಂ."

ಅವರು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಕನ್ನಡಕ ಇಳಿಸಿ, ಬಲಗಡೆಯ ಒಂಟಿ ಗೀಟಿನ ಮೇಲೆ ಬೆರಳಿಟ್ಟು, "ನಾನ್ ಮಾತ್ರ ನಿಮ್ಮನ್ನ ಕೇಳ್ಲಿಲ್ಲ ಅಲ್ವಾ?" ಎಂದರು. ವೈಪರ್ ಹಾಕಿಸಿಕೊಂಡು, ಸದ್ದಿಲ್ಲದೆ ಹೊರಟುಹೋದರು.

ಒಂಬತ್ತು ವರ್ಷ ನಾನು ಮಾರುಕಟ್ಟೆಯನ್ನು ಅಳೆಯುತ್ತಿದ್ದೇನೆ ಎಂದುಕೊಂಡಿದ್ದೆ. ಅಳೆದದ್ದು ನನ್ನ ಬಾಯನ್ನು. ಯಾಕೆ ಹಾಗೆ ಹೇಳಿದೆ ಎಂದು ನನ್ನನ್ನೇ ಕೇಳಿಕೊಂಡೆ. ಹೊಟ್ಟೆಪಾಡಿನ ಭಯವೇನಲ್ಲ, ಅಷ್ಟು ದೂರದ ಬುದ್ಧಿ ನನಗಿಲ್ಲ. ಅವರು ಕೊಂಡರೆ ಒಂದು ದಿನ ಅದು ಕೆಡುತ್ತದೆ, ಕೆಟ್ಟರೆ ನನ್ನ ಹತ್ತಿರವೇ ತರುತ್ತಾರೆ, ಆಗ ಎಲ್ಲರ ಮುಂದೆ ಮತ್ತೆ ಸ್ಟೆಪ್ನಿಗೆ ಸ್ಕ್ರೂಡ್ರೈವರ್ ಆನಿಸಿ ನಿಲ್ಲಬೇಕಾಗುತ್ತದೆ. ಅದಕ್ಕೇ ಒಂದು ವರ್ಷ ಮುಂದೂಡುತ್ತಾ ಬಂದಿದ್ದೆ. ವಕೀಲರ ತಾರೀಖಿಗೂ ನನ್ನ ಮಾತಿಗೂ ವ್ಯತ್ಯಾಸವಿರಲಿಲ್ಲ.

ಗುರುತಿದ್ದ ಕೆಲವರಿಗೆ ಫೋನು ಮಾಡಿದೆ. ಇಬ್ಬರು, ನೀವು ಬೇಡವೆಂದಿರಲ್ಲ, ಪೆಟ್ರೋಲ್ ಕಾರೇ ತಗೊಂಡೆವು ಎಂದರು. ಮೂರನೇ ಮಹಡಿಯವರು, ನೀವು ಹೇಳಿದ ಒಂದು ವರ್ಷ ಇನ್ನೂ ಆಗಿಲ್ಲವೇನೋ ಎಂದು ಕಾಯುತ್ತಿದ್ದೇನೆ ಎಂದರು. ಅವರು ಕೇಳಿ ಆರು ವರ್ಷವಾಗಿತ್ತು. ಕಡೆಗೆ ಪಿಳ್ಳಪ್ಪನಿಗೆ ಮಾಡಿ, ಗಂಟಲು ಸರಿ ಮಾಡಿಕೊಂಡು, ಕರೆಂಟು ಕಾರಿನ ವಿಷಯ ನನಗೆ ಗೊತ್ತಿಲ್ಲ ಕಣೋ, ನೀನೇ ಓಡಿಸಿ ನೋಡಿ ತೀರ್ಮಾನ ಮಾಡು ಎಂದೆ. "ಅಣ್ಣ, ಮೈಗ್ ಉಸಾರಿಲ್ವಾ?" ಎಂದ. ಆದರೂ ಹೋಗಿ ಓಡಿಸಿ ನೋಡಿ, ತಿಂಗಳೊಪ್ಪತ್ತಿನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಕೊಂಡೇಬಿಟ್ಟ. ಹೋಟೆಲಿನ ಹಿಂದೆ ಗ್ರೈಂಡರಿನ ಪಕ್ಕ ಪ್ಲಗ್ಗು. ದೋಸೆ ಹಿಟ್ಟು ರುಬ್ಬುವಷ್ಟರಲ್ಲಿ ಮಾರುಕಟ್ಟೆಗೆ ಹೋಗಿ ಬರುವಷ್ಟು ಚಾರ್ಜ್ ಆಗುತ್ತದಂತೆ.

ಆಮೇಲೆ ಕೇಳಲು ಬಂದದ್ದು ಬ್ಯಾಂಕಿನ ಒಬ್ಬ ಹುಡುಗ. ಅವನಿಗೂ ಧೈರ್ಯ ಮಾಡಿ, ಗೊತ್ತಿಲ್ಲ ಸಾರ್ ಎಂದೆ. ಅವನು ನನ್ನನ್ನು ಕನಿಕರದಿಂದ ನೋಡಿ, ಹೆದರಿದ್ದಂತೆಯೇ, ಎದುರು ಗ್ಯಾರೇಜಿಗೆ ಹೋದ. ರಸ್ತೆ ಅಗಲವಿಲ್ಲ ಎಂದು ಮೊದಲೇ ಹೇಳಿದೆನಲ್ಲ, ಎದುರಿನವನು ಹೇಳಿದ್ದು ಅಕ್ಷರ ಬಿಡದೆ ಕೇಳಿಸಿತು. "ನಂಜಣ್ಣನೇ ಹೇಳ್ತಾನೆ ಸಾರ್, ಇನ್ನೊಂದ್ ವರ್ಷ ತಡೀರಿ ಅಂತ. ಕರೆಂಟ್ ಕಾರಲ್ಲಿ ಅವನ ಬಿಟ್ರಿಲ್ಲ."

ಪಕ್ಕದ ಮಳಿಗೆಯನ್ನು ನಾನೇ ಹಿಡಿದೆ. ಬೋರಿಂಗ್ ಯಂತ್ರ ತರಿಸಲಿಲ್ಲ. ತರಿಸುವುದೇ ಇಲ್ಲ ಎಂದೂ ಹೇಳಲಾರೆ. ಸದ್ಯಕ್ಕೆ ಕಾರಿಗೆ ಚಾರ್ಜ್ ಹಾಕಲು ಒಂದು ದಪ್ಪ ಪ್ಲಗ್ ಪಾಯಿಂಟು ಹಾಕಿಸಿದ್ದೇನೆ. ಮೇಡಂ ಬಂದಾಗ ಅಲ್ಲಿ ನಿಲ್ಲಿಸುತ್ತಾರೆ. ಅವರ ಕಾರಿನ ಮೋಟರು ಇರುವುದು ಹಿಂದುಗಡೆ ಎಂದು ಈಗ ಗೊತ್ತು. ಅವರು ಟೀ ಕುಡಿಯುವಾಗ ಅದಕ್ಕೆ ಸ್ಕ್ರೂಡ್ರೈವರ್ ಆನಿಸಿ ಕೇಳುತ್ತೇನೆ. ಒಂದು ಸಣ್ಣ ಗುಂಯ್ ಇದೆ, ಅದರಲ್ಲಿ ಏನೇನಿದೆ ಎಂದು ಇನ್ನೂ ಬಿಡಿಸಲು ಬಂದಿಲ್ಲ. ಮೊನ್ನೆ ಪಿಳ್ಳಪ್ಪ ಬಾಗಲಗುಂಟೆಯ ನಮ್ಮ ಮನೆಗೆ ಬಂದಿದ್ದಾಗ ಸಾವಿತ್ರಿ ಅವನ ಕಾರಿನಲ್ಲಿ ಒಂದು ಸುತ್ತು ಹೋಗಿ ಬಂದು, ಮುಖ ಅರಳಿಸಿಕೊಂಡು, "ನಾವ್ ಯಾವಾಗ ರೀ ತಗೊಳ್ಳೋದು?" ಎಂದಳು. ಕಿವಿ ಪೂರ್ತಿ ಕೇಳಿಸಿಕೊಳ್ಳುವ ಮೊದಲೇ ನನ್ನ ಬಾಯಿ, ಇನ್ನೊಂದು ವರ್ಷ ತಡಿ ಎಂದುಬಿಟ್ಟಿತು. ಮರುದಿನ ಗ್ಯಾರೇಜಿಗೆ ಹೋಗಿ ಎಡಗಡೆ ಅವಳದೂ ಒಂದು ಗೀಟು ಎಳೆದೆ.

ಈಗ ನನ್ನ ಹತ್ತಿರ ಇರುವುದು ಎರಡು ಮಳಿಗೆ, ಮೂವರು ಕೆಲಸದವರು, ಒಂದು ಸ್ಕ್ರೂಡ್ರೈವರ್, ಒಂದು ಪ್ಲಗ್ ಪಾಯಿಂಟು, ಹದಿನಾಲ್ಕು ವರ್ಷ ಹಳೆಯ ಒಂದು ಪೆಟ್ರೋಲ್ ವ್ಯಾನು. ಗೋಡೆಯ ಎಡಕ್ಕೆ ನಲವತ್ತೈದು ಗೀಟು, ಬಲಕ್ಕೆ ಎರಡು, ನಡುವೆ ಒಂದು ಚುಕ್ಕೆ.