ಮೂರನೆಯ ಸೀಟಿ

ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ಮುಖ್ಯ ಕಚೇರಿಯಿಂದ ಬಂದ ಎರಡು ಹಾಳೆಯ ಫಾರ್ಮು, ಪಾರ್ಸೆಲ್ ಕಚೇರಿಯ ಮ್ಯಾನೇಜರರ ಮೂಗಿನಿಂದ ದಿನದ ಮೊದಲ ಸೀಟಿ ಹೊರಡಿಸಿತು.

ಸಿಟ್ಟು ಬಂದರೆ ಅವರ ಮೂಗು ಸಣ್ಣಗೆ ಸೀಟಿ ಹಾಕುತ್ತಿತ್ತು. ಮೊದಲನೆಯದಕ್ಕೆ ಕೈಕೆಳಗಿನ ಐವರೂ ತಲೆ ತಗ್ಗಿಸುತ್ತಿದ್ದರು. ಎರಡನೆಯದಕ್ಕೆ ಕೈಗೆ ಸಿಕ್ಕ ಕೆಲಸ ಹಿಡಿಯುತ್ತಿದ್ದರು. ಮೂರನೆಯದರ ಹಿಂದೆಯೇ ಬರುವ ಕೂಗು ಎದುರು ಬೀದಿಯ ಅಂಗಡಿಯವರಿಗೂ ಕೇಳುತ್ತಿತ್ತು. ಬೆನ್ನ ಹಿಂದೆ ಅವರ ಹೆಸರು ಕುಕ್ಕರ್. ಮನೆಯಲ್ಲಿ ಒಂಬತ್ತು ವರ್ಷದ ಮಗಳೂ ಸೀಟಿಯ ಲೆಕ್ಕ ಇಡುತ್ತಿದ್ದಳು.

ಫಾರ್ಮಿನಲ್ಲಿ ಹೀಗಿತ್ತು: ‘ಸಿಬ್ಬಂದಿಯ ಕೆಲಸದ ಒತ್ತಡವನ್ನು ಗುರುತಿಸಿ, ಇಳಿಸಿ, ಪ್ರತಿಯೊಬ್ಬರ ಸಹಿ ಪಡೆದು ಇಂದು ನಾಲ್ಕು ಗಂಟೆಯೊಳಗೆ ಕಳಿಸಿ. ಕಳಿಸದ ಮ್ಯಾನೇಜರುಗಳ ರಜೆ ರದ್ದಾಗುವುದು.’

ಸೀಟಿ ಬಂದದ್ದು ಈ ಕೊನೆಯ ಸಾಲಿಗೆ. ನಾಳೆ ಬೆಳಗಿನ ಆರು ಗಂಟೆಯ ಬಸ್ಸಿಗೆ ಮಗಳನ್ನು ಕರೆದುಕೊಂಡು ಸಮುದ್ರ ನೋಡಲು ಹೊರಡಬೇಕಿತ್ತು. ನಾಲ್ಕು ಸಲ ಮಾತು ಕೊಟ್ಟು ನಾಲ್ಕು ಸಲವೂ ತಪ್ಪಿದ್ದರು. ಈ ಸಲ ಅವಳು ಮರಳು ತುಂಬುವ ಕೆಂಪು ಬಕೆಟ್ಟನ್ನು ಒಂದು ವಾರದಿಂದ ತಲೆದಿಂಬಿನ ಪಕ್ಕದಲ್ಲೇ ಇಟ್ಟುಕೊಂಡು ಮಲಗುತ್ತಿದ್ದಳು.

“ಒತ್ತಡ ಇಳಿಸ್ಬೇಕಂತೆ!” ಮ್ಯಾನೇಜರರು ಗೋಡೆಯ ಕ್ಯಾಲೆಂಡರಿಗೆ ಹೇಳಿದರು. “ಎಂಟು ಜನರ ಕೆಲಸ ಐದು ಜನ ಮಾಡ್ತಿದ್ದಾರೆ, ಮೂರು ಜನ ಕೊಡಿ ಅಂತ ಏಳು ಸಲ ಬರೆದೆ. ಒಂದಕ್ಕೂ ಉತ್ತರ ಇಲ್ಲ. ಈಗ ಹಾಳೆ ಕಳಿಸ್ತಾರೆ, ಹಾಳೆ!”

ಒತ್ತಡದ ಲಕ್ಷಣಗಳ ಪಟ್ಟಿಯೂ ಇತ್ತು: ಅಳು, ರೇಗುವುದು, ಊಟ ಬಿಡುವುದು, ಕೆಲಸದಲ್ಲಿ ತಪ್ಪು. ಪ್ರತಿಯೊಂದರ ಎದುರು ‘ಬೆಳಿಗ್ಗೆ’, ‘ಸಂಜೆ’ ಎಂದು ಎರಡು ಚೌಕ. ಕೆಳಗೆ ಸೂಚನೆ: ‘ಒಬ್ಬೊಬ್ಬರನ್ನೇ ಕರೆದು, ಬಾಗಿಲು ಮುಚ್ಚಿ, ನಗುಮುಖದಿಂದ ಮಾತನಾಡಿ.’

ಮೊದಲು ತೂಕ ಹಾಕುವ ಹೆಂಗಸನ್ನು ಕರೆದರು. ಬಾಗಿಲು ಮುಚ್ಚಿದರು. ನಕ್ಕರು. ಹನ್ನೊಂದು ವರ್ಷದಲ್ಲಿ ಆ ಕಚೇರಿಯವರು ಅವರ ಹಲ್ಲು ನೋಡಿದ್ದು ಅದೇ ಮೊದಲು.

“ಕೂತ್ಕೊಳಮ್ಮ. ಹೇಗಿದ್ದೀಯ? ಮನೇಲೆಲ್ಲ ಚೆನ್ನಾಗಿದ್ದಾರಾ?”

ಅವಳ ಮುಖ ಸುಣ್ಣದ ಗೋಡೆಯಂತಾಯಿತು. “ನಾನೇನು ತಪ್ಪು ಮಾಡ್ದೆ ಸಾರ್?”

“ತಪ್ಪೇನಿಲ್ಲ. ಸುಮ್ನೆ ನಾಲ್ಕು ಮಾತಾಡೋಣ ಅಂತ.”

“ಕೆಲಸದಿಂದ ತೆಗೀತಿದ್ದೀರಲ್ವಾ? ನೇರವಾಗಿ ಬೈದೇ ಹೇಳ್ಬಿಡಿ ಸಾರ್. ಹೀಗೆ ನಗ್ಬೇಡಿ!” ಎಂದು ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಮ್ಯಾನೇಜರರು ‘ಅಳು’ ಎಂಬುದರ ಮುಂದೆ ಗುರುತು ಹಾಕಿದರು.

ಹೊರಗೆ ಪಾರ್ಸೆಲ್ಲಿಗೆ ಟೇಪು ಸುತ್ತುವವನು ಅವಳನ್ನು ತಡೆದ. “ನಕ್ರಾ? ಮೇಲಿನ ಹಲ್ಲಿನ ಸಾಲು ಮಾತ್ರ ಕಾಣಿಸ್ತಾ, ಎರಡೂ ಸಾಲಾ?”

“ಎರಡೂ.”

“ಅಯ್ಯೋ, ಹಾಗಾದ್ರೆ ಒಬ್ಬಿಬ್ಬರಲ್ಲ, ಎಲ್ಲರೂ ಮನೆಗೇ!” ಎನ್ನುತ್ತ ಅವನು ಗಾಬರಿಯಲ್ಲಿ ತನ್ನ ತೋಳನ್ನೂ ಸೇರಿಸಿ ಪೆಟ್ಟಿಗೆಗೆ ಟೇಪು ಸುತ್ತಿದ.

ಮಧ್ಯಾಹ್ನ ಒಂದು ಗಂಟೆಯಾದರೂ ಯಾರೂ ಊಟದ ಡಬ್ಬಿ ತೆರೆಯಲಿಲ್ಲ. ಗಾಜಿನ ಸಾಮಾನಿನ ಪೆಟ್ಟಿಗೆಯೊಂದು ಕೆಳಗೆ ಬಿತ್ತು. ಬೂಟಿನ ವಿಳಾಸ ಔಷಧಿಗೆ, ಔಷಧಿಯ ವಿಳಾಸ ಬೂಟಿಗೆ ಅಂಟಿತು. ಪಾರ್ಸೆಲ್ಲುಗಳ ರಾಶಿ ಕಿಟಕಿಯ ಬೆಳಕನ್ನು ತಿಂದುಹಾಕಿತು. ‘ಬೆಳಿಗ್ಗೆ’ ಎಂಬ ಚೌಕಗಳೆಲ್ಲ ತುಂಬಿದವು. ಎರಡನೆಯ ಸೀಟಿ ಬಂತು.

“ಯಾರೂ ಒತ್ತಡ ಮಾಡ್ಕೋಬೇಡಿ!” ಮ್ಯಾನೇಜರರು ಹಲ್ಲು ಕಚ್ಚಿಕೊಂಡೇ ನಗುತ್ತ ಬಾಗಿಲಲ್ಲಿ ನಿಂತರು. “ನಾನು ಪ್ರೀತಿಯಿಂದ ಹೇಳ್ತಿದ್ದೀನಿ!”

ಪಾಪ, ಆ ಪ್ರೀತಿಗೆ ಹೆದರಿ ಇನ್ನೊಂದು ಪೆಟ್ಟಿಗೆ ಬಿತ್ತು.

ಮೂರೂವರೆಗೆ ಮುದ್ರೆ ಒತ್ತುವ ಮುದುಕ ಒಳಗೆ ಬಂದ. ಎಲ್ಲರೂ ಅವನನ್ನು ದೊಡ್ಡಪ್ಪ ಎನ್ನುತ್ತಿದ್ದರು. ನಿವೃತ್ತಿಗೆ ಎರಡೇ ತಿಂಗಳಿದ್ದದ್ದರಿಂದ ಅವನಿಗೆ ಸೀಟಿಯ ಭಯವಿರಲಿಲ್ಲ.

“ಸಾಹೇಬ್ರೆ, ನಿಜ ಹೇಳಿ. ಯಾರನ್ನ ತೆಗೀತಿದ್ದೀರಿ?”

“ಯಾರನ್ನೂ ಇಲ್ಲ ದೊಡ್ಡಪ್ಪ!” ಮ್ಯಾನೇಜರರು ಫಾರ್ಮನ್ನು ಮೇಜಿನ ಮೇಲೆ ಬಡಿದರು. “ಇದಕ್ಕೆ ನಿಮ್ಮೆಲ್ಲರ ಸಹಿ ಬೇಕು. ಬೀಳದಿದ್ರೆ ನಾಳೆ ನನಗೆ ರಜೆ ಇಲ್ಲ. ಮಗಳಿಗೆ ಸಮುದ್ರ ಇಲ್ಲ.”

ದೊಡ್ಡಪ್ಪ ಕನ್ನಡಕ ಸರಿಮಾಡಿಕೊಂಡ. “ಅಂದ್ರೆ, ಸಹಿ ಹಾಕಿದ್ರೆ ನೀವು ನಾಳೆ ಬರಲ್ಲ?”

“ಬರಲ್ಲ.”

“ನಾಡಿದ್ದು?”

“ನಾಡಿದ್ದೂ ಇಲ್ಲ.”

“ಇಷ್ಟು ಒಳ್ಳೇ ಸುದ್ದೀನ ಬೆಳಿಗ್ಗೇನೇ ಹೇಳ್ಬಾರ್ದಿತ್ತಾ ಸಾಹೇಬ್ರೆ!”

ನಾಲ್ಕು ನಿಮಿಷದಲ್ಲಿ ಐದು ಸಹಿ ಬಿದ್ದವು. ‘ಸಂಜೆ’ ಎಂಬ ಚೌಕಗಳಿಗೆಲ್ಲ ಅವರವರೇ ‘ಇಲ್ಲ’ ಎಂದು ಬರೆದರು. ತೂಕದವಳು ಸಹಿಯ ಪಕ್ಕ ಒಂದು ಹೂವನ್ನೂ ಬಿಡಿಸಿದಳು. ಟೇಪಿನವನು ಹಾಡು ಗುನುಗಿದ. ಅದನ್ನು ಕೇಳಿ ಮ್ಯಾನೇಜರರಿಗೆ ಮೂರನೆಯ ಸೀಟಿ ಮೂಗಿನ ತುದಿಯವರೆಗೆ ಬಂತು. ಕೆಂಪು ಬಕೆಟ್ಟು ನೆನಪಾಗಿ ಒಳಗೆಳೆದುಕೊಂಡರು. ಮೂರು ಗಂಟೆ ಐವತ್ತೆರಡು ನಿಮಿಷಕ್ಕೆ ಫಾರ್ಮು ಹೋಯಿತು.

ನಾಲ್ಕೂವರೆಗೆ ಮುಖ್ಯ ಕಚೇರಿಯ ದೊಡ್ಡ ಅಧಿಕಾರಿಯ ಫೋನು.

“ಭೇಷ್ ಕಣ್ರೀ! ಹನ್ನೆರಡು ಕಚೇರೀಲಿ ಐದಕ್ಕೆ ಐದೂ ಸಹಿ ಬಂದಿದ್ದು ನಿಮ್ಮದೊಂದೇ. ಬೆಳಿಗ್ಗೆ ಅಳು, ಉಪವಾಸ, ಎಲ್ಲ ಇದೆ. ಸಂಜೆಗೆ ಪೂರ್ತಿ ಸೊನ್ನೆ! ಒಬ್ಬಾಕೆ ಹೂವೇ ಬರೆದಿದ್ದಾಳೆ! ನಾಳೆ ಒಂಬತ್ತಕ್ಕೆ ಉಳಿದ ಹನ್ನೊಂದೂ ಮ್ಯಾನೇಜರುಗಳು ನಿಮ್ಮಲ್ಲಿಗೇ ಬರ್ತಾರೆ. ಎರಡು ದಿನ ನೀವೇ ತರಬೇತಿ ಕೊಡಿ.”

“ಸಾರ್, ನನ್ನ ರಜೆ...”

“ನಾನೇ ಕ್ಯಾನ್ಸಲ್ ಮಾಡ್ಸಿದ್ದೀನಿ. ಆ ಚಿಂತೆ ಬಿಡಿ.”

ಮ್ಯಾನೇಜರರು ಮಾನ ಮರ್ಯಾದೆ ಎರಡನ್ನೂ ಬದಿಗಿಟ್ಟರು. “ಸಾರ್, ಅವರ ಒತ್ತಡ ಇಳಿದಿದ್ದೇ ನಾನು ರಜೆ ಹೋಗ್ತೀನಿ ಅಂತ! ಒತ್ತಡ ಅಂದ್ರೆ ನಾನೇ ಸಾರ್!”

“ಎಂಥ ವಿನಯ ರೀ ನಿಮ್ದು! ನಾಳೆ ಈ ಮಾತಿಂದಾನೇ ಶುರುಮಾಡಿ.” ಫೋನು ಕಟ್ಟಾಯಿತು.

ಬಾಗಿಲಿಗೆ ಕಿವಿಗೊಟ್ಟು ನಿಂತಿದ್ದ ಐವರೂ ಸದ್ದಿಲ್ಲದೆ ತಮ್ಮ ತಮ್ಮ ಜಾಗಕ್ಕೆ ಸರಿದರು. ಹಾಡು ನಿಂತಿತು.

ಅಷ್ಟರಲ್ಲಿ ಮೊಬೈಲು ಬಡಿದುಕೊಂಡಿತು. ಮಗಳು.

“ಅಪ್ಪಾ, ನಿನ್ನ ಟವೆಲ್ಲನ್ನೂ ಬ್ಯಾಗಿಗೆ ಹಾಕಿದ್ದೀನಿ. ಆಫೀಸಿಂದ ಹೊರಟ್ಯಾ?”

ಅವರು ಬಾಯಿ ತೆರೆದರು. ಮೂಗು ಮಾತ್ರ ಉದ್ದಕ್ಕೆ, ಸಣ್ಣಗೆ ಕೂಗಿತು. ಹೊರಗೆ ಐವರು ಕಿವಿ ಮುಚ್ಚಿಕೊಂಡು ಕಾದರು. ಅದರ ಹಿಂದೆ ಬರಬೇಕಿದ್ದ ಕೂಗು ಬರಲೇ ಇಲ್ಲ.

“ಅದು ಎಷ್ಟನೇದಪ್ಪಾ?”

“ಮೂರನೇದು, ಪುಟ್ಟಿ.”

ಆ ಕಡೆ ಬ್ಯಾಗಿನ ಜಿಪ್ ಎಳೆದು ತೆರೆದ ಸದ್ದಾಯಿತು.

“ಹಾಗಾದ್ರೆ ಬಕೆಟ್ಟನ್ನ ಬಚ್ಚಲಲ್ಲೇ ಇಡ್ತೀನಿ ಬಿಡು.”