ಅಂಟಿಸುವ ಕೆಲಸ

ನನ್ನ ಕೈಲಿ ಆಗುವುದಿಲ್ಲ ಎಂದು ಮೊದಲು ಹೇಳಿದವರು ನಮ್ಮ ದೊಡ್ಡಪ್ಪ, ಕೂಟಗಲ್ ಕಡೆಯ ಸಿದ್ದೇಗೌಡರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆಗುವುದಿಲ್ಲ ಎನ್ನುವುದು ಅವರಿಗೆ ಎಲೆಯಡಿಕೆ ಇದ್ದ ಹಾಗೆ, ಬಾಯಲ್ಲಿ ಏನಾದರೂ ಇರಬೇಕಲ್ಲ. ಊರಿಗೆ ಬಸ್ಸು ಬರುವುದಿಲ್ಲ ಎಂದಿದ್ದರು, ಬಂತು. ಬೋರ್‌ವೆಲ್ಲಿನಲ್ಲಿ ನೀರು ಬರುವುದಿಲ್ಲ ಎಂದಿದ್ದರು, ಬರಲಿಲ್ಲ. ಆ ಒಂದು ಗೆಲುವಿನ ಮೇಲೆ ಇಪ್ಪತ್ತು ವರ್ಷ ಭವಿಷ್ಯ ನುಡಿದರು. ನಾನು ಹತ್ತನೆಯ ತರಗತಿ ಪಾಸಾದಾಗ ಪಿಯುಸಿ ಆಗುವುದಿಲ್ಲ ಎಂದರು, ಪಿಯುಸಿ ಆದಾಗ ಡಿಗ್ರಿ ಆಗುವುದಿಲ್ಲ ಎಂದರು. ಎಂ.ಎಸ್ಸಿ. ಮುಗಿಸಿ ಪಿಎಚ್.ಡಿ.ಗೆ ಸೇರಿದ ದಿನ ಜಗುಲಿಯ ಮೇಲೆ ಕೂರಿಸಿಕೊಂಡು ಹೇಳಿದ್ದು ಮಾತ್ರ ಕಿವಿಯಲ್ಲೇ ಉಳಿದುಬಿಟ್ಟಿತು: "ನಮ್ ವಂಶದಾಗೆ ಡಾಕ್ಟ್ರಿಕೆ ಹತ್ರ ಹೋದೋನು ಅಂದ್ರೆ, ದನಿನ ಡಾಕ್ಟ್ರ ಚೀಲ ಹೊರ್ತಿದ್ದ ನಮ್ಮಪ್ಪ ಒಬ್ನೇಯ. ಅದ್ಕಿಂತ ಮ್ಯಾಕೆ ಹೋಗಾಕಾಗಾಕಿಲ್ಲ ಕಣವ್ವ. ಬಿಡದಿ ತಾವ ಅಷ್ಟು ಕಂಪನಿ ಎದ್ದವೆ, ಸೇರ್ಕೊ."

ಸೇರಿಕೊಳ್ಳಬಹುದಿತ್ತು. ಆಗ ಹೆದ್ದಾರಿಯ ಉದ್ದಕ್ಕೂ ತಿಂಗಳಿಗೊಂದು ಕಾಂಪೌಂಡು ಏಳುತ್ತಿತ್ತು. ನನ್ನ ಜೊತೆ ಓದಿದವರು ಕಂಪನಿ ಬಸ್ಸಿನ ಕಿಟಕಿಯಿಂದ ನನಗೆ ಕೈ ಬೀಸುತ್ತಿದ್ದರು. ಅವರ ಕೆಲಸವನ್ನು ಯಾರಿಗಾದರೂ ಒಂದೇ ಮಾತಿನಲ್ಲಿ ಹೇಳಬಹುದಿತ್ತು. ನನ್ನದು ಹಾಗಲ್ಲ. ನಾನು ಮಾಡುತ್ತಿದ್ದದ್ದು ರಂಧ್ರಗಳಿರುವ ಸಿಲಿಕಾ ನ್ಯಾನೋ ಕಣಗಳಿಗೆ ಕಿಣ್ವ ಅಂಟಿಸುವ ಕೆಲಸ. ಕಿಣ್ವವೆಂದರೆ, ಕೆಲಸ ಮಾಡಿಸಿ ತಾನು ಸವೆಯದ ಮೇಸ್ತ್ರಿ. ಸಿಲಿಕಾ ಎಂದರೆ ಮರಳಿನ ಜಾತಿ. ಆದರೆ ನನ್ನ ಕಣಗಳ ಮುಂದೆ ಮರಳಿನ ಹರಳು ರಾಮದೇವರ ಬೆಟ್ಟ. ಆ ಕಣದ ಮೈತುಂಬ ತೂತು, ಆ ತೂತಿನೊಳಗೆ ಕಿಣ್ವ. ಇಷ್ಟನ್ನು ದೊಡ್ಡಪ್ಪನಿಗೆ ಒಂದು ಮಧ್ಯಾಹ್ನ ಪೂರ್ತಿ ವಿವರಿಸಿದೆ. ಸಂಜೆ ಅವರು ಅರಳಿಕಟ್ಟೆಯಲ್ಲಿ ಅದನ್ನು ಹೀಗೆ ಸಂಗ್ರಹಿಸಿ ಹೇಳಿದರು: ನಮ್ಮ ಹುಡುಗಿ ಕಣ್ಣಿಗೆ ಕಾಣದ್ದನ್ನ ಕಣ್ಣಿಗೆ ಕಾಣದ್ದಕ್ಕೆ ಅಂಟಿಸ್ತಾಳೆ, ಆ ಕೆಲಸಕ್ಕೆ ಪೋಸ್ಟಾಫೀಸಿನಲ್ಲಿ ಗೋಂದಿನ ಡಬ್ಬ ಇಟ್ಟವ್ರೆ. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರೂ ಇದನ್ನೇ ಕೇಳಿಕೊಂಡು ಬಂದಿದ್ದರು. ಉಪ್ಪಿಟ್ಟು ಮುಗಿಸಿ ಹೋದರು, ಆಮೇಲೆ ಬರಲಿಲ್ಲ.

ಯಾಕೆ ಅಂಟಿಸುತ್ತಿದ್ದೆ ಎಂದು ಮಾತ್ರ ಯಾರೂ ಕೇಳಲಿಲ್ಲ. ಕೇಳಿದ್ದರೆ ಅವ್ವನ ಬೆರಳು ತೋರಿಸುತ್ತಿದ್ದೆ. ಅಪ್ಪ ಹೋದ ಮೇಲೆ ಅವ್ವ ರಾಮನಗರದ ಒಂದು ರೇಷ್ಮೆ ನೂಲು ಬಿಚ್ಚುವ ಕಾರ್ಖಾನೆಗೆ ಹೋಗತೊಡಗಿದಳು. ಗೂಡಿನ ಎಳೆಗಳನ್ನು ಒಂದಕ್ಕೊಂದು ಹಿಡಿದಿಟ್ಟಿರುವುದು ಹುಳುವೇ ಸುರಿಸಿದ ಅಂಟು. ಅದು ಸಡಿಲವಾಗಬೇಕಾದರೆ ಗೂಡನ್ನು ಕುದಿಯುವ ನೀರಿನಲ್ಲಿ ಬೇಯಿಸಬೇಕು. ಬೆಂದ ಗೂಡಿನ ಎಳೆಯ ತುದಿಯನ್ನು ಆ ಬಿಸಿನೀರಿನಲ್ಲೇ ಬೆರಳಾಡಿಸಿ ಹುಡುಕಬೇಕು, ಬೆಳಗಿನಿಂದ ಸಂಜೆಯವರೆಗೆ. ಅವ್ವನ ಬೆರಳ ತುದಿಗಳು ಬೆಳ್ಳಗೆ ಊದಿ, ಸೀಳಿ, ಮತ್ತೆ ಕೂಡಿ, ಮತ್ತೆ ಸೀಳುತ್ತಿದ್ದವು. ಮನೆಯಲ್ಲಿ ಅವಳು ಒಲೆಯಿಂದ ಇಳಿಸಿದ ಮುದ್ದೆಯನ್ನು ಕೈಗೆ ನೀರು ಸವರಿಕೊಳ್ಳದೆ ಕಟ್ಟುತ್ತಿದ್ದಳು. ನಾವದನ್ನು ಗಟ್ಟಿತನ ಎಂದುಕೊಂಡು ಹೆಮ್ಮೆಪಡುತ್ತಿದ್ದೆವು.

ಎಂ.ಎಸ್ಸಿ. ಓದುವಾಗ ನನಗೆ ತಿಳಿದದ್ದು, ಆ ಅಂಟನ್ನು ಉಗುರುಬೆಚ್ಚಗಿನ ನೀರಿನಲ್ಲೇ ಕರಗಿಸುವ ಕಿಣ್ವ ಉಂಟು ಎಂದು. ತೊಂದರೆ ಏನೆಂದರೆ ಅದು ದುಬಾರಿ, ಒಮ್ಮೆ ನೀರಿಗೆ ಬಿಟ್ಟರೆ ನೀರಿನೊಂದಿಗೇ ಚರಂಡಿಗೆ ಹೋಗುತ್ತದೆ. ಕಣಗಳಿಗೆ ಅಂಟಿಸಿಬಿಟ್ಟರೆ ಸೋಸಿ ತೆಗೆದು ಮತ್ತೆ ಮತ್ತೆ ದುಡಿಸಿಕೊಳ್ಳಬಹುದು. ಅವ್ವನ ಕೈಯನ್ನು ಕುದಿಯುವ ನೀರಿನಿಂದ ತೆಗೆಸುತ್ತೇನೆ ಎಂದು ಮನಸ್ಸಿನಲ್ಲೇ ಶಪಥ ಮಾಡಿದೆ. ಜೋರಾಗಿ ಮಾಡಲಿಲ್ಲ, ದೊಡ್ಡಪ್ಪ ಪಕ್ಕದಲ್ಲೇ ಇದ್ದರು.

ಮೂರು ವರ್ಷ ನನ್ನ ಕಣಗಳು ಏನೂ ಮಾಡಲಿಲ್ಲ. ನಾವು ಕಷ್ಟದಿಂದ ಓದಿದವರಿಗೆ ಒಂದು ಚಾಳಿ ಇರುತ್ತದೆ: ಖಾಲಿ ಜಾಗ ಕಂಡರೆ ಎದೆ ಹೊಡೆದುಕೊಳ್ಳುತ್ತದೆ. ಉತ್ತರಪತ್ರಿಕೆಯಲ್ಲಿ ಅಂಚನ್ನೂ ಬಿಡದೆ ಬರೆದವಳು ನಾನು. ಇಷ್ಟೊಂದು ರಂಧ್ರಗಳಿರುವಾಗ ಒಂದನ್ನಾದರೂ ಖಾಲಿ ಬಿಡುವುದುಂಟೆ? ಸಂತೆ ದಿನದ ಕನಕಪುರದ ಬಸ್ಸಿಗೆ ಕಂಡಕ್ಟರು ಜನ ತುಂಬಿದ ಹಾಗೆ ಕಿಣ್ವ ತುಂಬಿದೆ. ಎಷ್ಟು ಅಂಟಿತು ಎಂಬ ಲೆಕ್ಕ ನಮ್ಮ ವಿಭಾಗದಲ್ಲೇ ಹೆಚ್ಚು. ಎಷ್ಟು ಕೆಲಸವಾಯಿತು ಎಂಬುದು ಸೊನ್ನೆಗೆ ತುಸು ಮೇಲೆ. ಗೈಡ್ ಮೇಡಂ ಒಳ್ಳೆಯವರು, ಬೈಯಲಿಲ್ಲ. ಬರುವ ವರ್ಷದೊಳಗೆ ಮುಗಿಸದಿದ್ದರೆ ನೋಂದಣಿ ರದ್ದಾಗುತ್ತದೆ ಎಂದು ಮೆಲ್ಲಗೆ ತಿಳಿಸಿದರು. ಬೈದಿದ್ದರೇ ಚೆನ್ನಾಗಿತ್ತು.

ಆ ಭಾನುವಾರ ಊರಿಗೆ ಹೋದರೆ ದೊಡ್ಡಪ್ಪನ ಮನೆಯಲ್ಲಿ ರೇಷ್ಮೆಹುಳ ಹಣ್ಣಾಗಿದ್ದವು, ಎಂದರೆ ಸೊಪ್ಪು ಬಿಟ್ಟು ಗೂಡು ಕಟ್ಟಲು ತಯಾರಾಗಿದ್ದವು. ಹುಳ ಹಣ್ಣಾದ ದಿನ ಪಂಡಿತೆ ಪಾಮರೆ ಎಂಬ ಭೇದವಿಲ್ಲ, ಮನೆಗೆ ಬಂದವರೆಲ್ಲ ಕೈ ಹಚ್ಚಬೇಕು. ಹಣ್ಣಾದದ್ದನ್ನು ಆರಿಸಿ ಚಂದ್ರಿಕೆಗೆ ಬಿಡಬೇಕು. ಚಂದ್ರಿಕೆಯೆಂದರೆ ಬಿದಿರ ಪಟ್ಟಿಯನ್ನು ಸುರುಳಿ ಸುರುಳಿಯಾಗಿ ಕಟ್ಟಿದ ದೊಡ್ಡ ತಟ್ಟಿ, ಹುಳ ಗೂಡು ಕಟ್ಟುವುದು ಅದರ ಸಂದುಗಳಲ್ಲಿ. ನಾನು ನನ್ನ ದುಃಖದಲ್ಲಿ ಹಿಡಿ ಹಿಡಿಯಾಗಿ ಸುರಿಯುತ್ತಿದ್ದೆ. ಅವ್ವ ಬಂದು ನನ್ನ ಕೈ ಹಿಡಿದಳು.

"ಎಷ್ಟ್ ಓದುದ್ರೇನು, ಹುಳ ಬುಡಾಕೆ ಬರಾಕಿಲ್ವಲ್ಲ ನಿಂಗೆ. ಒತ್ತೊತ್ತಾಗಿ ಬುಟ್ರೆ ಎರಡೆರಡು ಸೇರ್ಕೊಂಡು ಜೋಡಿಗೂಡು ಕಟ್ತವೆ. ಅದ್ರಾಗೆ ಎಳೆ ಬಿಚ್ಚಾಕೆ ಆಗಾಕಿಲ್ಲ. ಒಸಿ ಜಾಗ ಬುಡವ್ವ ಅವಕ್ಕೆ."

ಸುರಿದ ಹುಳಗಳನ್ನು ಒಂದೊಂದಾಗಿ ಬಿಡಿಸಿ ದೂರ ದೂರ ಇಟ್ಟೆ. ಇದು ನನಗೆ ಆರನೇ ವಯಸ್ಸಿನಲ್ಲೇ ಗೊತ್ತಿದ್ದ ಸಂಗತಿ. ನನ್ನ ರಂಧ್ರಗಳೊಳಗೂ ಇದೇ ಆಗಿತ್ತು: ಒಳಗಿದ್ದ ಕಿಣ್ವಗಳು ಅಲುಗಾಡಲಾರವು, ರಂಧ್ರದ ಬಾಯಲ್ಲಿದ್ದವು ದಾರಿ ಬಿಡಲಾರವು. ನಾಲ್ಕು ದೊಡ್ಡ ಪರೀಕ್ಷೆ ಬರೆಯುವಷ್ಟರಲ್ಲಿ ನಾನು ಕಲಿತದ್ದಕ್ಕಿಂತ ಮರೆತದ್ದೇ ಹೆಚ್ಚು. ವಾಪಸು ಹೋಗಿ ಕಿಣ್ವವನ್ನು ಕಾಲುಭಾಗಕ್ಕೆ ಇಳಿಸಿದೆ. ಬೆಚ್ಚನೆಯ ನೀರಿನಲ್ಲಿ ಏಳು ಗೂಡು ಬಿಟ್ಟೆ. ಎಳೆ ಬಂತು. ಕಣಗಳನ್ನು ಸೋಸಿ ಇನ್ನೊಮ್ಮೆ ಬಿಟ್ಟೆ, ಮತ್ತೂ ಬಂತು. ಐದನೆಯ ಸಲವೂ ಬಂದಾಗ ಮೇಡಂ ನನಗೆ ಕಾಫಿ ಕೊಡಿಸಿದರು.

ಒಂದು ಸಣ್ಣ ಸೀಸೆಯಲ್ಲಿ ಆ ಕಣಗಳನ್ನು ಹಾಕಿಕೊಂಡು ಅವ್ವನ ಕಾರ್ಖಾನೆಗೆ ಹೋದೆ. ಮಾಲೀಕರು ಕೂರಿಸಿ ಪೂರ್ತಿ ಕೇಳಿದರು. ಎಷ್ಟು ಕೆ.ಜಿ. ಗೂಡಿಗೆ ಮಾಡಿದ್ದೀಯ ಎಂದರು. ಸಲಕ್ಕೆ ಏಳು ಗೂಡು ಎಂದೆ. ಅವರು ನಗಲಿಲ್ಲ, ಅದೇ ನನ್ನನ್ನು ಕೊಂದದ್ದು. "ಏಳು ಗೂಡ್ಗೆ ಕರ್ಚೀಪಿನ ಅಂಚೂ ಆಗಾಕಿಲ್ವಲ್ಲಮ್ಮ" ಎಂದು ಸೀಸೆಯನ್ನು ಜೋಪಾನವಾಗಿ ನನ್ನ ಕೈಗೇ ಕೊಟ್ಟರು. ಅದನ್ನು ಕ್ವಿಂಟಾಲಿಗೆ ಬೆಳೆಸಲು ನನ್ನಲ್ಲಿ ಹಣವೂ ಇರಲಿಲ್ಲ, ಯಂತ್ರವೂ ಇರಲಿಲ್ಲ. ಅವರ ಹಿಂದೆ, ಹಬೆಯ ನಡುವೆ, ಅವ್ವ ಕುದಿಯುವ ನೀರಿನಲ್ಲಿ ಬೆರಳಾಡಿಸುತ್ತಿದ್ದಳು. ಮುಂದಿನ ವರ್ಷ ಚೀನಾದ ನೂಲಿನ ಮುಂದೆ ನಿಲ್ಲಲಾರದೆ ಆ ಕಾರ್ಖಾನೆಯೇ ಮುಚ್ಚಿತು. ಅವ್ವನ ಕೈ ಬಿಸಿನೀರಿನಿಂದ ಹೊರಗೆ ಬಂತು. ನನ್ನ ಶಪಥ ನನ್ನ ಸಹಾಯವಿಲ್ಲದೆ ನೆರವೇರಿತು.

ಪ್ರಬಂಧ ಒಪ್ಪಿಗೆಯಾಯಿತು. ಅದರಲ್ಲಿ ಮೇಡಂಗೆ, ವಿಭಾಗಕ್ಕೆ, ಯಂತ್ರ ರಿಪೇರಿ ಮಾಡಿದವನಿಗೆ, ಹಾಸ್ಟೆಲಿನ ಅಡುಗೆ ಭಟ್ಟರಿಗೆ ಕೃತಜ್ಞತೆ ಇದೆ. ಚಂದ್ರಿಕೆ ಎಂಬ ಶಬ್ದ ಎಲ್ಲೂ ಇಲ್ಲ. ಕಿಣ್ವ ಕಡಿಮೆ ಮಾಡುವ ಯೋಚನೆ ಹಲವು ಪ್ರಯೋಗಗಳ ಫಲವಾಗಿ ಹೊಳೆಯಿತು ಎಂದು ಇಂಗ್ಲಿಷಿನಲ್ಲಿ ಬರೆದಿದ್ದೇನೆ. ದೊಡ್ಡಪ್ಪ ಆಗುವುದಿಲ್ಲ ಎಂದದ್ದನ್ನು ಎದುರಿಗಾದರೂ ಅಂದರು, ನಾನು ಅವ್ವನ ಮಾತನ್ನು ಅವಳಿಗೆ ತಿಳಿಯದಂತೆ ನುಂಗಿಹಾಕಿದೆ.

ಪದವಿ ಪತ್ರ ಬಂದ ದಿನ ಅದನ್ನು ಮೊದಲು ಕಿತ್ತುಕೊಂಡವರೂ ಅವರೇ. ತಿರುಗಿಸಿ ಮುರುಗಿಸಿ, ಫೋಟೋನೇ ಇಲ್ವಲ್ಲ ಎಂದರು. ಆಯ್ತದೆ ಅಂತ ತಾನು ಮೊದಲೇ ಹೇಳಿದ್ದೆ ಎಂದೂ ಸೇರಿಸಿದರು. ನಾನು ಅದನ್ನು ಇಸಿದುಕೊಂಡು ಅವ್ವನ ಕೈಗೆ ಕೊಟ್ಟೆ. ಅವ್ವ ಸೆರಗಿನಲ್ಲಿ ಕೈ ಒರೆಸಿಕೊಂಡು ತೆಗೆದುಕೊಂಡಳು. ನೂಲಿನ ಹದ ನೋಡುವವಳ ಹಾಗೆ ಕಾಗದದ ಅಂಚನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಉಜ್ಜಿದಳು. ಮತ್ತೊಮ್ಮೆ ಉಜ್ಜಿದಳು. ಆಮೇಲೆ ನನ್ನ ಮುಖ ನೋಡಿದಳು.

"ನುಣ್ಣಗೈತಾ ಮಗ ಇದು? ನನ್ ಬೆರಳ್ಗೆ ಗೊತ್ತಾಗಾಕಿಲ್ಲ. ನೀನೇ ಒಸಿ ಮುಟ್ಟಿ ಹೇಳು."