ಎಡ ಹಿಮ್ಮಡಿಗೆ ದಪ್ಪದ್ದು, ಬಲ ಹಿಮ್ಮಡಿಗೆ ತೆಳುವಿನದ್ದು

ಹೊಗೆಯ ವಿಷಯದಲ್ಲಿ ನನಗೆ ಬುದ್ಧಿ ಹೇಳುವವರು ಇನ್ನು ಹುಟ್ಟಿ ಬರಬೇಕು ಎಂದು ತಿಳಿದುಕೊಂಡಿದ್ದೆ. ನಾನು ಓದಿದ್ದು ಮೂರನೇ ಕ್ಲಾಸು. ಆಮೇಲೆ ಐವತ್ತು ವರ್ಷ ಬಂಟ್ವಾಳದ ಹತ್ತಿರ ಜಗಲಿಯಲ್ಲಿ ಕೂತು ಬೀಡಿ ಕಟ್ಟಿದ್ದು. ಎಲೆ ಒಣಗಿದ್ದರೆ ಸುತ್ತುವಾಗ ಒಡೆಯುತ್ತದೆ, ಹೆಚ್ಚು ನೆನೆದರೆ ಬೂಷ್ಟು ಹಿಡಿಯುತ್ತದೆ, ಹೊಗೆಸೊಪ್ಪು ಖಾರ ಇದ್ದರೆ ಸೇದುವವನಿಗಿಂತ ಮೊದಲು ಕಟ್ಟುವವಳಿಗೆ ಸೀನು. ನನ್ನ ಕೈಯಿಂದ ಎಷ್ಟು ಗಂಡಸರ ಗಂಟಲು ಹಾಳಾಯಿತೋ ಲೆಕ್ಕ ಇಟ್ಟಿಲ್ಲ. ನಾನು ಮಾತ್ರ ಒಂದು ದಿನವೂ ಬೀಡಿ ಎಳೆದವಳಲ್ಲ. ಹೋಟೆಲಿನವನು ತನ್ನ ಹೋಟೆಲಿನಲ್ಲೇ ಉಣ್ಣುತ್ತಾನೆಯೇ?

ಇಷ್ಟು ಜಂಬ ಹೊತ್ತುಕೊಂಡು ಮಗಳ ಬಾಣಂತನಕ್ಕೆಂದು ಮೆಲ್ಬರ್ನಿಗೆ ಬಂದೆ. ಮಗಳು ಶೋಭಾ ಕ್ಲೇಟನ್ನಿನ ಆಸ್ಪತ್ರೆಯಲ್ಲಿ ನರ್ಸು, ಮನೆ ಕ್ರಾನ್‌ಬರ್ನಿನಲ್ಲಿ. ಅಳಿಯ ದಿನೇಶ ಹದಿನೈದು ವರ್ಷ ಸೇದಿದ ಸಿಗರೇಟು ಬಿಟ್ಟು, ಉಕ್ಕಿನ ಪೆನ್ನಿನ ಹಾಗಿರುವ ಒಂದು ಸಾಮಾನನ್ನು ಬಾಯಿಗಿಟ್ಟುಕೊಂಡು ಹಿತ್ತಲಲ್ಲಿ ನಿಲ್ಲುತ್ತಿದ್ದ. ಬಾಯಿಂದ ಮೋಡ ಬರುತ್ತಿತ್ತು, ಮಾವಿನ ಹಣ್ಣಿನ ಪರಿಮಳ ಬೇರೆ.

"ಇದೆಂತದು ಮಾರಾಯ, ಪೆನ್ನು ಸೇದುದಾ?" ಕೇಳಿದೆ.

"ಹೊಗೆ ಅಲ್ಲ ಮಾಮಿ, ಆವಿ. ಇದರಲ್ಲಿ ಹೊಗೆಸೊಪ್ಪಿನ ಅಂಶವೇ ಇಲ್ಲ."

"ಬರೀ ಆವಿ ಬೇಕಾದರೆ ಇಡ್ಲಿ ಅಟ್ಟದ ಮುಚ್ಚಳ ತೆಗೆದು ಕೂತುಕೋ."

ಆದರೆ ಅವನಿಗೆ ಅದು ತಮಾಷೆಯಾಗಿರಲಿಲ್ಲ. ಈ ದೇಶದಲ್ಲಿ ಹೆರಿಗೆ ಕೋಣೆಯೊಳಗೆ ಗಂಡನೂ ನಿಲ್ಲುತ್ತಾನಂತೆ. ನಾನು ಹೆತ್ತಾಗ ನಮ್ಮವರು ಗದ್ದೆಯಲ್ಲಿದ್ದರು, ಸಂಜೆ ಬಂದು ಗಂಡಾ ಹೆಣ್ಣಾ ಎಂದು ಕೇಳಿ ಕೈಕಾಲು ತೊಳೆಯಲು ಹೋದರು. ದಿನೇಶನಿಗೆ ಮಾತ್ರ ಒಳಗೆ ನಿಲ್ಲಲೇಬೇಕೆಂಬ ಆಸೆ. ಶೋಭಾ ಅದಕ್ಕೆ ಕರಾರು ಹಾಕಿದ್ದಳು. ವಾರ ವಾರ ಸೇದುವುದು ಕಮ್ಮಿಯಾಗಬೇಕು. ಆ ಪೆನ್ನಿಗೆ ತುಂಬಿಸುವ ರಸದ ಸೀಸೆಯ ಮೇಲೆ ಉಗುರಿನ ಬಣ್ಣದಲ್ಲಿ ಗೆರೆ ಎಳೆದಿಡುತ್ತಿದ್ದಳು. "ಗೆರೆಗಿಂತ ಕೆಳಗೆ ಇಳಿದರೆ ಹೆರಿಗೆ ಕೋಣೆಗೆ ಬರುವುದು ಬೇಡ. ಹೊಗೆ ಬಾಯಿಯವರು ನನ್ನ ಮಗುವನ್ನು ಮುಟ್ಟುವುದೂ ಬೇಡ." ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚಿನಲ್ಲಿ ನಮ್ಮ ಕಟ್ಟುಗಳನ್ನು ಎತ್ತಿ ಎತ್ತಿ ನೋಡಿ ಬಿಸಾಡುತ್ತಿದ್ದ ಚೆಕ್ಕರನ ಮುಖವೇ ಅವಳದ್ದು. ಅವಳು ಹೊಟ್ಟೆಯಲ್ಲಿರುವಾಗ ನಾನು ಆ ಚೆಕ್ಕರನನ್ನು ಬೈದದ್ದು ಹೆಚ್ಚಾಯಿತೋ ಏನೋ.

ಸೀಸೆಗಳು ಎರಡಿದ್ದವು. ಒಂದರಲ್ಲಿ ನೀರಿನ ಹಾಗೆ ತೆಳುವಿನದ್ದು. ಅದು ಗಂಟಲಿಗೆ ಚುರುಕ್ಕೆಂದು ಹೊಡೆಯುತ್ತದೆ, ಸಿಗರೇಟು ಎಳೆದ ಹಾಗೇ ಆಗುತ್ತದೆ, ಆಮೇಲೆ ಬಾಯಿ ಒಣಗಿ ನಾಲಿಗೆ ಹಪ್ಪಳ. ದಿನೇಶನಿಗೆ ಅದರಿಂದ ಒಣಕೆಮ್ಮು ಹಿಡಿಯಿತು. ಆಫೀಸಿನ ಕೆಲಸಕ್ಕೆಂದು ಸಿಡ್ನಿಯ ಮ್ಯಾಕ್ವೆರಿ ಪಾರ್ಕಿಗೆ ಹೋದಾಗ ಅಲ್ಲಿ ಯಾರೋ ಹೇಳಿದರೆಂದು ಇನ್ನೊಂದು ಸೀಸೆ ತಂದ. ಇದು ದಪ್ಪ, ಜೋನಿ ಬೆಲ್ಲದ ಹಾಗೆ ಇಳಿಯುತ್ತದೆ. ಗಂಟಲಿಗೆ ಮೆತ್ತಗೆ, ಸಿಹಿ, ಮೋಡವೂ ದೊಡ್ಡದು. ಆದರೆ ಸ್ವಲ್ಪ ಹೊತ್ತಿಗೆ ಗಂಟಲಲ್ಲಿ ಗಂಜಿ ತಿಳಿ ಅಂಟಿದ ಹಾಗೆ, ಕ್ಯಾಕರಿಸಬೇಕು ಅನಿಸುತ್ತದೆ. ಮತ್ತೆ ಆ ದಪ್ಪದ್ದು ಪೆನ್ನಿನೊಳಗಿನ ಹತ್ತಿಗೆ ಬೇಗ ಇಳಿಯುವುದಿಲ್ಲ, ಅವಸರ ಮಾಡಿ ಎಳೆದರೆ ಸೀದ ವಾಸನೆ. ಇದೆಲ್ಲ ಅಳಿಯ ಹೇಳಿದ್ದು.

"ದಪ್ಪದ್ದು ಎಂತದು?" ಕೇಳಿದೆ.

"ಗ್ಲಿಸರಿನ್ ಮಾಮಿ."

ಅಯ್ಯೋ, ಗ್ಲಿಸರಿನ್ ನನಗೆ ಗೊತ್ತಿಲ್ಲದ್ದಾ! ಊರಲ್ಲಿ ಹಿಮ್ಮಡಿ ಒಡೆದರೆ ಹಚ್ಚುವುದೇ ಅದು. ಕ್ರಾನ್‌ಬರ್ನಿನ ಚಳಿಗೆ ನನ್ನ ಹಿಮ್ಮಡಿಗಳು ಬೇಸಿಗೆಯ ಗದ್ದೆಯಂತೆ ಬಿರುಕು ಬಿಟ್ಟಿದ್ದವು. ಅವರಿಬ್ಬರೂ ಕೆಲಸಕ್ಕೆ ಹೋದ ಮೇಲೆ ಎಡ ಹಿಮ್ಮಡಿಗೆ ದಪ್ಪದ್ದನ್ನು ಹಚ್ಚಿದೆ. ಒಂದಕ್ಕೇ ಹಚ್ಚಿದರೆ ಯಾವುದು ಮೇಲೆಂದು ಗೊತ್ತಾಗುವುದು ಹೇಗೆ? ಬಲ ಹಿಮ್ಮಡಿಗೆ ತೆಳುವಿನದ್ದು. ಬಲದ್ದು ಉರಿಯಿತು, ತುರಿಸಿತು. ಎಡದ್ದು ನಾಲ್ಕು ದಿನದಲ್ಲಿ ಬೆಣ್ಣೆ. ಗಂಟಲೂ ಒಂದು ಚರ್ಮವೇ ತಾನೆ, ಅಳಿಯ ಹೇಳಿದ್ದಕ್ಕೂ ನನ್ನ ಕಾಲು ಹೇಳಿದ್ದಕ್ಕೂ ಸರಿಯಾಯಿತು ಎಂದು ನನಗೆ ಒಳಗೊಳಗೇ ಹೆಮ್ಮೆ. ಡಾಕ್ಟರರು ಇದನ್ನು ಒಪ್ಪುತ್ತಾರೋ ಇಲ್ಲವೋ, ಕೇಳಲು ಹೋಗಲಿಲ್ಲ.

ಆದಿತ್ಯವಾರ ಬೆಳಿಗ್ಗೆ ಶೋಭಾ ಎರಡೂ ಸೀಸೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಎರಡೂ ಗೆರೆಗಿಂತ ಒಂದು ಬೆರಳು ಕೆಳಗೆ.

"ಇದೆಂತದು ದಿನೇಶ್?"

"ನಾನಲ್ಲ. ದೇವರಾಣೆ ನಾನಲ್ಲ."

"ಮತ್ತೆ ಯಾರು, ನನ್ನ ಅಮ್ಮ ಸೇದಿದಳಾ?"

ದಿನೇಶ ಕುರ್ಚಿಯಲ್ಲಿ ಕೂತುಬಿಟ್ಟ. ಎಂಟು ತಿಂಗಳು ಹಲ್ಲು ಕಚ್ಚಿ ಗೆಲ್ಲುತ್ತಾ ಬಂದವನ ಮುಖ ನೋಡಲಾಗಲಿಲ್ಲ. ನಾನು ಕಾಲುಚೀಲ ಎಳೆದು ಎಡಗಾಲನ್ನು ಮುಂದಕ್ಕೆ ಚಾಚಿದೆ. "ಇಲ್ಲಿಗೆ ಹೋಗಿದೆ ನಿನ್ನ ಗ್ಲಿಸರಿನ್. ತೆಳುವಿನದ್ದು ಬಲಗಾಲಿಗೆ. ಬೇಕಾದರೆ ಮೂಸಿ ನೋಡಿ."

ಶೋಭಾಳಿಗೆ ಹೊಟ್ಟೆ ಹೊತ್ತು ಬಗ್ಗಲಾಗದು. ದಿನೇಶನೇ ನೆಲಕ್ಕೆ ಮಂಡಿಯೂರಿದ. ಮದುವೆಯ ದಿನವೂ ಇಷ್ಟು ಭಕ್ತಿಯಿಂದ ಅವನು ನನ್ನ ಕಾಲು ಹಿಡಿದಿರಲಿಲ್ಲ. ಮೂಸಿ ತಲೆಯೆತ್ತಿ, "ಮಾವಿನ ಹಣ್ಣು!" ಎಂದ. ಕಣ್ಣಲ್ಲಿ ನೀರಿತ್ತು. ಶೋಭಾ ನಗಲು ಶುರುಮಾಡಿದವಳು ಹೊಟ್ಟೆ ಹಿಡಿದುಕೊಂಡು ಸೋಫಾದಲ್ಲಿ ಕೂತಳು. ಆಮೇಲೆ ಚೆಕ್ಕರ್ ಬುದ್ಧಿ ತಿರುಗಿ ಬಂತು. "ಅಲ್ಲಮ್ಮ, ಎರಡು ಹಿಮ್ಮಡಿಗೆ ಇಷ್ಟೆಲ್ಲ ಬೇಕಾ?"

"ನನ್ನ ಹಿಮ್ಮಡಿ ನೋಡಿದ್ದೀಯಲ್ಲ, ಮಾರಾಯ್ತಿ. ಒಂದೊಂದು ಬಿರುಕಿನಲ್ಲಿ ಒಂದೊಂದು ಭತ್ತದ ಸಸಿ ನೆಡಬಹುದು."

ಅವಳು ನಂಬಿದಳು. ದಿನೇಶ ಹೆರಿಗೆ ಕೋಣೆಗೆ ಹೋದ, ತಲೆ ತಿರುಗಿ ಗೋಡೆಗೆ ಒರಗಿದರೂ ಹೊರಗೆ ಬರಲಿಲ್ಲವಂತೆ. ಹೆಣ್ಣು ಮಗು.

ಹಿಮ್ಮಡಿ ಮೂಸಿದವನಿಗೆ ನನ್ನ ಬಾಯಿ ಮೂಸುವ ಬುದ್ಧಿ ಬರಲಿಲ್ಲ, ಪುಣ್ಯ. ಐವತ್ತು ವರ್ಷ ಊರವರ ಬಾಯಿಗೆ ಕಟ್ಟಿಕೊಟ್ಟವಳಿಗೆ ಒಂದು ಸಲವಾದರೂ ಗೊತ್ತಾಗುವುದು ಬೇಡವೇ? ಅವನು ಪೆನ್ನು ಮನೆಯಲ್ಲೇ ಬಿಟ್ಟು ಹೋದ ದಿನಗಳಲ್ಲಿ, ಬಟ್ಟೆ ಒಣಗಿಸುವ ತಂತಿಯ ಹಿಂದೆ ನಿಂತು ಎರಡೂ ಸೀಸೆಯದ್ದನ್ನು ಎಳೆದು ನೋಡಿದ್ದೆ. ಚುರುಕ್ಕೆನ್ನುವುದು, ಹಪ್ಪಳ, ಗಂಜಿ ತಿಳಿ, ಸೀದ ವಾಸನೆ, ಎಲ್ಲ ನಾನೇ ಕಂಡದ್ದು. ಅಳಿಯ ಹೇಳಿದ್ದು "ಒಂದು ತೆಳು, ಒಂದು ದಪ್ಪ ಮಾಮಿ" ಎಂದಷ್ಟೇ.

ಆಸ್ಪತ್ರೆಯಲ್ಲಿ ಮಗುವನ್ನು ನನ್ನ ಕೈಗೆ ಕೊಡಲು ಬಂದಾಗ, "ತಡೆ" ಎಂದು ನಲ್ಲಿಯ ಹತ್ತಿರ ಹೋಗಿ ಮೂರು ಸಲ ಬಾಯಿ ಮುಕ್ಕಳಿಸಿ ಬಂದೆ.

"ನೀನೆಂತಕ್ಕಮ್ಮ ಬಾಯಿ ತೊಳೆಯುದು?" ಶೋಭಾ ಕೇಳಿದಳು.

"ನಮ್ಮಲ್ಲಿ ಹಾಗೊಂದು ಕ್ರಮ ಉಂಟು," ಎಂದೆ.